ಊಟ ಆಯ್ತಾ ಎಂಬ ಪ್ರಶ್ನೆ

ಫೆಬ್ರವರಿ 3, ಸೋಮವಾರ

ಬೊರಿವಲಿಯಿಂದ 7.42ರ ಲೋಕಲ್ ರೈಲು. ದಾದರ್‌ನಲ್ಲಿ ಇಳಿದು ಬಸ್. ಹತ್ತಕ್ಕೆ ಮುಂಚೆ ಆಂಟಾಪ್ ಹಿಲ್. ಬಡ ಮಕ್ಕಳ ಸರ್ವೆಗೆ ನನಗೆ ಸಿಕ್ಕಿದ್ದು ಇಪ್ಪತ್ತು ಮನೆ, ಇವತ್ತು ಏಳು ಮುಗಿಯಿತು. ಹೆಚ್ಚಿನವರು ವಿಜಯಪುರ, ಕಲಬುರಗಿ ಕಡೆಯವರು. ಕನ್ನಡ ಬರುತ್ತದೆಂದೇ ನನಗೆ ಕೊಟ್ಟಿದ್ದಾರೆ.

ಟ್ಯಾಬ್‌ನಲ್ಲಿ ಪ್ರಶ್ನೆ ಮರಾಠಿಯಲ್ಲಿದೆ. ಕನ್ನಡ ನಾನೇ ಮಾಡಿಕೊಳ್ಳಬೇಕು. ಮಕ್ಕಳು ಶಾಲೆಗೆ ಹೋಗುತ್ತಾರಾ, ಚಪ್ಪಲಿ ಇದೆಯಾ... ಕಳೆದ ಏಳು ದಿನದಲ್ಲಿ ಯಾವುದಾದರೂ ಹೊತ್ತು ಉಪವಾಸ ಇದ್ದರಾ. ಈ ಕೊನೆಯದನ್ನು ಕೇಳಲು ಮುಜುಗರ. ಮಕ್ಕಳದ್ದೆಲ್ಲ ಊಟ ಆಯ್ತಾ ಎಂದು ಕೇಳಿದೆ. ಎಲ್ಲರೂ ಆಯ್ತು ಎಂದರು; ಉಪವಾಸಕ್ಕೆ 'ಇಲ್ಲ' ಒತ್ತಿದೆ.

ಯಕ್ಷಿತಾಳ ಚಪ್ಪಲಿ ಇನ್ನೂ ನಮ್ಮ ಬಾಗಿಲಲ್ಲೇ ಇದೆ. ಮಗಳು ಹೋಗಿ ಏಳು ತಿಂಗಳು. ನಮ್ಮ ಯಜಮಾನರೂ ತೆಗೆಯುವುದಿಲ್ಲ. ನಾನೂ.

ಫೆಬ್ರವರಿ 5, ಬುಧವಾರ

ಇಪ್ಪತ್ತೂ ಆಯಿತು. ಸೂಪರ್‌ವೈಸರ್ ಮನೀಶ್ ಫೋನ್ ಮಾಡಿದ. ನಮ್ಮ ಮಂಗಳೂರಿನವರ ಮಗ, ಹುಟ್ಟಿ ಬೆಳೆದದ್ದು ಇಲ್ಲಿ.

"ಆಂಟಿ, ನಿಮ್ದು ಏಕ್‌ದಮ್ ಕ್ಲೀನ್. ಉಪವಾಸ್ ಝೀರೋ! ಬೇರೆ ಕಡೆ ಐದು, ಆರು ಬರ್ತದೆ. ನಿಮ್ಮ ಆಂಟಾಪ್ ಹಿಲ್ ಲಂಡನ್ ಹೈ ಕ್ಯಾ?"

ನಕ್ಕೆ. ಇಪ್ಪತ್ತು ಮನೆಯಿಂದ ಏನು ತಿಳಿಯುತ್ತದೆ ಎಂದೆ. ಇಡೀ ರಾಜ್ಯದಲ್ಲಿ ಬಡ ಮಕ್ಕಳೆಷ್ಟು ಎಂಬ ಅಂದಾಜು ಕಟ್ಟುವುದು ಇಂಥ ಮನೆಗಳಿಂದಲೇ ಅಂತೆ. "ನಿಮ್ಮ ಒಂದು ಮನೆ ಅಂದ್ರೆ ಸಾವಿರದಿನ್ನೂರು ಮನೆ, ಆಂಟಿ."

ಫೆಬ್ರವರಿ 6, ಮಧ್ಯಾಹ್ನ 2.30, ಬಸ್ ಸ್ಟಾಪ್

ಸರ್ವೆಯ ಮನೆಗಳಲ್ಲೊಂದು ಸುಂದ್ರವ್ವನದು; ಅವಳ ಖೋಲಿಯಲ್ಲಿ ಮರೆತಿದ್ದ ಚಾರ್ಜರ್ ತರಲು ಹೋದೆ. ಗಾರೆ ಕೆಲಸದವಳು, ಇವತ್ತು ಕೆಲಸ ಸಿಕ್ಕಿರಲಿಲ್ಲ. ಅವಳ ಇಬ್ಬರು ಹುಡುಗಿಯರು ಒಂದೇ ಪಾವ್ ಬ್ರೆಡ್ಡನ್ನು ಹರಿದು ಕರಿ ಚಹಾದಲ್ಲಿ ಅದ್ದುತ್ತಿದ್ದರು. ಒಲೆ ತಣ್ಣಗಿತ್ತು.

ಮೊನ್ನೆ ಊಟ ಆಯ್ತು ಅಂದೆಯಲ್ಲ, ಎಂದೆ.

"ಬಾಗಿಲಿಗೆ ಬಂದೋರು ಊಟ ಆತೇನು ಅಂದ್ರ ಆತು ಅನ್ನಬೇಕ್ರಿ ಅಕ್ಕಾರ. ಇಲ್ಲ ಅಂದ್ರ ಬೇಡಿದಂಗ ಆಗೂದಿಲ್ಲೇನು?"

ಚಾರ್ಜರ್ ತೆಗೆದುಕೊಂಡು ಬಂದೆ.

ಇಪ್ಪತ್ತು ಮನೆಯಲ್ಲೂ ಹಾಗೇ ಕೇಳಿದ್ದೇನೆ.

ಯಕ್ಷಿತಾ ಆಸ್ಪತ್ರೆಯಲ್ಲಿದ್ದಾಗ ವಿಸಿಟಿಂಗ್ ಮುಗಿದ ಮೇಲೆ ವಾರ್ಡಿಗೆ ಫೋನ್ ಮಾಡಿ ದಿನಾ ಕೇಳುತ್ತಿದ್ದೆ, ಊಟ ಆಯ್ತಾ ಮಗಾ? ಆಯ್ತಮ್ಮ. ತಟ್ಟೆ ಮುಟ್ಟುತ್ತಲೇ ಇರಲಿಲ್ಲವೆಂದು ಪಕ್ಕದ ಬೆಡ್ಡಿನವಳು ಹೇಳಿದ್ದು ಎಲ್ಲ ಮುಗಿದ ಮೇಲೆ.

ಫೆಬ್ರವರಿ 11, ಮಂಗಳವಾರ

ನಾಲ್ಕು ದಿನ ಈ ಡೈರಿ ತೆರೆಯಲಿಲ್ಲ. ನಾಳೆ ನಾಲ್ಕು ಗಂಟೆಗೆ ಫಾರ್ಮ್ ಲಾಕ್. ಆಮೇಲೆ ಯಾರಿಗೂ ತಿದ್ದಲು ಆಗುವುದಿಲ್ಲ. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದೂ ಇಲ್ಲ.

ಹನ್ನೊಂದು ಗಂಟೆಗೆ ಮನೀಶನಿಗೆ ಫೋನ್ ಮಾಡಿ, ಉಪವಾಸದ ಪ್ರಶ್ನೆ ತಪ್ಪಾಗಿ ಕೇಳಿದ್ದೇನೆ, ಮತ್ತೆ ಕೇಳಬೇಕು ಎಂದೆ.

"ಆಂಟಿ, ಪಾಗಲ್ ಆಗಿದ್ದೀರಾ? ಝೀರೋ ಒಳ್ಳೇದು ಅಲ್ವಾ?"

"ಒಂದು ಮನೆ ಸಾವಿರದಿನ್ನೂರು ಮನೆ ಎಂದವ ನೀನೇ ಅಲ್ವಾ ಮಾರಾಯ."

ಅವನು ಹೇಳಿದ: "ಮೇಲೆ ಕೇಳ್ತಾರೆ. ನಿಮ್ಮ ಮಿಸ್ಟೇಕ್ ಅಂತಾನೇ ಬರೀಬೇಕು. ಮುಂದಿನ ಸರ್ವೆಗೆ ನಿಮ್ಮ ಹೆಸರು ಇರಲ್ಲ."

ಬರಿ ಎಂದೆ.

"ನಾಳೆ ಬೆಳಿಗ್ಗೆ ನಿಮ್ಮ ಫಾರ್ಮ್ ತಿದ್ದಲಿಕ್ಕೆ ಓಪನ್ ಮಾಡ್ತೇನೆ. ನಾಲ್ಕು ಅಂದ್ರೆ ನಾಲ್ಕು, ಆಂಟಿ."

ಮಗಳ ನಂತರ ನನ್ನನ್ನು ಮನೆಯಿಂದ ಹೊರಗೆ ಎಳೆದದ್ದು ಈ ಕೆಲಸ ಒಂದೇ. ಇವರಿಗೆ ಇನ್ನೂ ಹೇಳಿಲ್ಲ.

ಫೆಬ್ರವರಿ 12, ಸಂಜೆ 5, ಲೋಕಲ್‌ನಲ್ಲಿ

ಕೂರಲು ಸೀಟು ಸಿಕ್ಕಿತು. ನೆನಪಿರುವಾಗಲೇ ಬರೆಯುತ್ತೇನೆ.

ಇವತ್ತು ಊಟ ಎಂಬ ಮಾತೇ ಎತ್ತಲಿಲ್ಲ. ನಿನ್ನೆ ಎಷ್ಟು ಸಲ ಒಲೆ ಹಚ್ಚಿದಿರಿ? ಮಧ್ಯಾಹ್ನ ಮಕ್ಕಳು ತಿಂದದ್ದೇನು? ಮೊನ್ನೆ? ಅದರ ಹಿಂದಿನ ದಿನ? ಮೊದಲನೆಯ ಮನೆಯವಳು ತುಂಬ ಹೊತ್ತು ನನ್ನ ಮುಖ ನೋಡಿದಳು. ಆಮೇಲೆ ಬಾಗಿಲು ಮುಂದೆ ಮಾಡಿಕೊಂಡು ಹೇಳಿದಳು. ಮೂರು ಮನೆಗೆ ಬೀಗ, ಎರಡೆರಡು ಸಲ ಹೋದರೂ ಬೀಗವೇ. ಉಳಿದ ಹದಿನೇಳರಲ್ಲಿ ಹನ್ನೊಂದು ಮನೆಯ ಉತ್ತರ ಬದಲಾಯಿತು.

ಕೊನೆಯದು ಸುಂದ್ರವ್ವನದು. 3.50 ಆಗಿತ್ತು. ಬೆರಳು ಮಡಚಿ ದಿನ ಎಣಿಸಿದಳು: ಸೋಮವಾರ ಮುಂಜಾನೆ ಇಲ್ಲ, ಶನಿವಾರ ಇಡೀ ದಿನ ಇಲ್ಲ... ಹೌದು ಒತ್ತಿದೆ. ನೆಟ್‌ವರ್ಕ್ ಇಲ್ಲ. ಟ್ಯಾಬ್ ಎತ್ತಿ ಹಿಡಿದು ಗಲ್ಲಿಯ ತುದಿಗೆ ಓಡಿದೆ. ಹುಡುಗಿಯರೂ ಹಿಂದೆ ಓಡಿಬಂದರು. 3.58ಕ್ಕೆ ಹೋಯಿತು.

ಬ್ಯಾಗು ತರಲು ತಿರುಗಿ ಬಂದಾಗ ಸುಂದ್ರವ್ವ ಹೊಸ್ತಿಲಲ್ಲಿ ನಿಂತಿದ್ದಳು.

"ಮುಂಜಾನಿಂದ ಅಡ್ಡಾಡಾಕತ್ತೀರಿ. ನಿಮ್ದು ಊಟ ಆತೇನ್ರಿ ಅಕ್ಕಾರ?"

ಬೆಳಗ್ಗಿನಿಂದ ಒಂದು ಚಹಾ ಮಾತ್ರ. ಮಗಳು ಹೋದ ಜುಲೈಯಿಂದ ಯಾರು ಕೇಳಿದರೂ ಆಯ್ತು ಎನ್ನುತ್ತ ಬಂದವಳು ನಾನು. ಇವರಿಗೂ ಹಾಗೇ.

"ಇಲ್ಲ" ಎಂದುಬಿಟ್ಟೆ.

ಅವಳು ಒಳಗೆ ಹೋಗಿ ಡಬ್ಬಿ ಇಳಿಸಿದಳು. ಎರಡು ರೊಟ್ಟಿ ಇದ್ದವು, ಎರಡೇ. ಹುಡುಗಿಯರು ನೋಡುತ್ತಿದ್ದರು. ಒಂದರ ಮೇಲೆ ಖಾರದ ಪುಡಿ ಹಾಕಿ ನನ್ನ ಕೈಗಿಟ್ಟಳು. ಬೇಡ ಎನ್ನಬೇಕಿತ್ತು. ಅಂದಿದ್ದರೆ ಅವಳಿಗೆ ನೋವಾಗುತ್ತಿತ್ತು. ನಾನು ಅದನ್ನು ಮೂರು ಪಾಲು ಮಾಡಿ, ಎರಡನ್ನು ಹುಡುಗಿಯರಿಗೆ ಕೊಟ್ಟು, ಒಂದನ್ನು ಹೊಸ್ತಿಲಲ್ಲೇ ಕೂತು ತಿಂದೆ.