ಸೋಮವಾರ ಸ್ಟಾರ್ಟ್ ಆಗದ ಬೈಕು

ಜುಲೈ 14, ಸೋಮವಾರ

ಇವತ್ತೂ ಸೆಲ್ಫ್ ಹಿಡಿಯಲಿಲ್ಲ. ಬಟನ್ ಒತ್ತಿದರೆ ಟಕ್ ಟಕ್ ಎನ್ನುತ್ತದೆ, ಅಷ್ಟೇ. ಹಾರ್ನ್ ಒತ್ತಿ ನೋಡಿದೆ — ಗಂಟಲು ಕಟ್ಟಿದವರು ಕೂಗಿದ ಹಾಗೆ. ಕಿಕ್ ಹೊಡೆದರೂ ಜಗ್ಗಲಿಲ್ಲ. ಕೊನೆಗೆ ಬಸದಿ ಕಡೆಯ ಇಳಿಜಾರಿಗೆ ತಳ್ಳಿಕೊಂಡು ಹೋಗಿ, ಎರಡನೇ ಗೇರಿಗೆ ಹಾಕಿ, ಉರುಳುತ್ತಿರುವಾಗ ಕ್ಲಚ್ ಬಿಟ್ಟೆ. ಹತ್ತಿಕೊಂಡಿತು. ಬಸದಿ ನೋಡಲು ಬಂದಿದ್ದ ಟೂರಿಸ್ಟ್ ಒಬ್ಬ ಚಪ್ಪಾಳೆ ತಟ್ಟಿದ. ತಿರುಗಿ ನೋಡಲಿಲ್ಲ.

ಬೇಲೂರು ಮುಟ್ಟುವವರೆಗೆ ಎಲ್ಲೂ ಎಂಜಿನ್ ನಿಲ್ಲಿಸಲಿಲ್ಲ. ಪ್ರೆಸ್ಸಿಗೆ ಸ್ವಲ್ಪ ತಡ. ಮಾಲೀಕರು ಶಿವಯ್ಯನವರು ಗಡಿಯಾರ ನೋಡಿದರು. ತಿದ್ದಲು ಲಗ್ನಪತ್ರಿಕೆಯ ಪ್ರೂಫ್ ತಂದು ಮುಂದಿಟ್ಟರು.

ಮೊದಲ ಬೈಕ್. ನಲವತ್ತಕ್ಕೆ ಹತ್ತಿರವಾದ ಮೇಲೆ. ತಂದದ್ದು ಒಂದೇ ಕಾರಣಕ್ಕೆ — ಅತ್ತೆಯ ಸಂಜೆ ಊಟ. ಹೊತ್ತು ಮುಳುಗಿದ ಮೇಲೆ ಅವರು ಎಂದೂ ಉಂಡವರಲ್ಲ. ಈಗ ಚಾತುರ್ಮಾಸ, ನೀರೂ ಮುಟ್ಟುವುದಿಲ್ಲ. ಅದು ನಮ್ಮ ಜೈನರಲ್ಲಿ ಹೊಸದೇನಲ್ಲ. ಹೊಸದು ಏನೆಂದರೆ, ಮಾವ ಹೋದ ಮೇಲೆ ಒಬ್ಬರೇ ತಟ್ಟೆಯ ಮುಂದೆ ಕೂರುವುದಿಲ್ಲ. ‘ಒಬ್ಬಳೇ ಉಂಡರೆ ಗಂಟಲಲ್ಲಿ ಇಳಿಯಲ್ಲ ಕಣೇ’ ಎನ್ನುತ್ತಾರೆ. ನನ್ನ ಗಂಡ ಭರತೇಶ್ ವಾರವೆಲ್ಲ ಅರಸೀಕೆರೆಯ ಕೊಬ್ಬರಿ ಮಂಡಿಯಲ್ಲಿ. ಮನೆಯಲ್ಲಿ ಉಳಿದವಳು ಸೊಸೆ, ನಾನು. ಬಸ್ಸಿಗೆ ಕಾದು ಹಳೇಬೀಡು ಸೇರುವಷ್ಟರಲ್ಲಿ ಕತ್ತಲೆ. ನಾನು ತಡವಾದರೆ ಅವರು ಉಪವಾಸ. ಮೈಯಲ್ಲಿ ಸಕ್ಕರೆ ಕಾಯಿಲೆ. ಬೇಸಿಗೆಯಲ್ಲಿ ಹಾಗೇ ಹಸಿದು ಮಲಗಿ, ಬೆಳಿಗ್ಗೆ ಬಚ್ಚಲಲ್ಲಿ ಬಿದ್ದರು. ಡಾಕ್ಟರ್ ಅವರನ್ನು ಬಿಟ್ಟು ನನಗೆ ಗದರಿದರು.

ಆ ಬಾರಿ ಏಟು ಮೊಣಕೈಗೆ. ಇನ್ನೊಂದು ಸಲ ಎಲ್ಲಿಗೋ.

ಜುಲೈ 15

ಪ್ರೆಸ್ಸಿನ ಪಕ್ಕದ ಮೆಕ್ಯಾನಿಕ್ ಇಂದ್ರೇಶ್ ಸೀಟು ತೆಗೆದು ಬ್ಯಾಟರಿ ನೋಡಿದ.

"ಟರ್ಮಿನಲ್ ಲೂಸಾಗೈತೆ ಮೇಡಂ. ಟೈಟ್ ಮಾಡಿದೀನಿ. ಇನ್ನೇನೂ ಆಗಲ್ಲ."

"ಮತ್ತೆ ಆದರೆ?"

"ನೀವು ಪ್ರೂಫ್ ನೋಡ್ದಂಗೆ ಬೈಕ್ ನೋಡ್ಬೇಡಿ ಮೇಡಂ. ಹಂಗೆ ನೋಡಿದ್ರೆ ಎಲ್ಲದ್ರಲ್ಲೂ ತಪ್ಪೇ ಕಾಣ್ತದೆ."

ಬಿಸಿಲಿರುವಾಗಲೇ ಮನೆಗೆ ಬಂದೆ. ಅತ್ತೆ ಗೇಟ್ ತೆರೆದು, ಹಸುವಿನ ಹಣೆ ಸವರುವ ಹಾಗೆ ಹೆಡ್‌ಲೈಟಿನ ಕೆಳಗೆ ಕೈಯಾಡಿಸಿದರು. ಈಚೆಗೆ ದಿನವೂ ಹೀಗೆ ಮಾಡುತ್ತಾರೆ. "ಏನತ್ತೆ?" ಎಂದೆ. "ಧೂಳು ಕಣೇ" ಎಂದರು.

ಬೈಕ್ ತಂದ ದಿನ ಅವರು ಕೇಳಿದ್ದು ಬೆಲೆಯನ್ನಲ್ಲ, ಮೈಲೇಜನ್ನಲ್ಲ. "ಹಗಲಲ್ಲೂ ದೀಪ ಯಾಕೆ ಉರೀತಿದೆ?" ಈಗಿನ ಬೈಕುಗಳೆಲ್ಲ ಹಾಗೇ, ಎಂಜಿನ್ ಓಡುವಷ್ಟು ಹೊತ್ತೂ ಉರಿಯುತ್ತದೆ, ಆರಿಸುವ ಸ್ವಿಚ್ಚೇ ಇಲ್ಲ ಎಂದೆ. ಅವರ ಮುಖ ಬಾಡಿತು. "ಮುಸ್ಸಂಜೆ ಹೊತ್ತಲ್ಲಿ ಎಷ್ಟು ಹುಳ ಬಂದು ಬಡೀತಾವೋ..." ಮನೆಯಲ್ಲೂ ಅಷ್ಟೇ. ಮೊದಲು ಕಿಟಕಿ ಮುಚ್ಚಬೇಕು, ಆಮೇಲೆ ಲೈಟ್.

ಅಕ್ಕಿ ರೊಟ್ಟಿ, ಹೀರೇಕಾಯಿ ಪಲ್ಯ. ಇಬ್ಬರೂ ಉಂಡೆವು. ಆಮೇಲೂ ಅಂಗಳದಲ್ಲಿ ಬೆಳಕಿತ್ತು.

ಜುಲೈ 20, ಭಾನುವಾರ

ಭರತೇಶ್ ಬಂದಿದ್ದಾನೆ. ಕಳೆದ ವಾರದ ಕಥೆ ಕೇಳಿ ನಕ್ಕ.

"ಸ್ಕೂಟಿ ತಗೋ ಅಂದೆ. ನೀನು ಗಂಡಸರ ಗಾಡಿ ತಂದೆ."

"ಹಗರೆ ರಸ್ತೆಯ ಹೊಂಡಕ್ಕೆ ದೊಡ್ಡ ಚಕ್ರ ಬೇಕು" ಎಂದೆ.

ಅತ್ತೆ ಒಳಗಿನಿಂದ: "ನೀನು ಸುಮ್ನಿರೋ. ಅವಳ ಗಾಡಿ ಅವಳಿಗೆ ಗೊತ್ತು. ಮೊದಲು ನೀನು ಮಂಡೀಲಿ ಹೊತ್ತಿಗೆ ಸರಿಯಾಗಿ ಉಣ್ತೀಯೋ ಇಲ್ವೋ ಹೇಳು."

"ಅರಸೀಕೆರೇಲಿ ಸೂರ್ಯ ಸ್ವಲ್ಪ ಲೇಟಾಗಿ ಮುಳುಗ್ತಾನೆ ಅಮ್ಮ."

ಅತ್ತೆಗೆ ನಗು ಬಂತು. ತೋರಿಸಿಕೊಳ್ಳಲಿಲ್ಲ.

ಜುಲೈ 21, ಸೋಮವಾರ

ಮತ್ತೆ. ಶನಿವಾರ ಸಂಜೆ ನಿಲ್ಲಿಸಿದ್ದು, ಇವತ್ತು ಬೆಳಿಗ್ಗೆ ಜೀವವಿಲ್ಲ. ಭರತೇಶ್ ತಳ್ಳಿಕೊಟ್ಟು, ಅರಸೀಕೆರೆ ಬಸ್ಸಿಗೆ ಓಡಿದ.

ಇಂದ್ರೇಶ್ ಮೀಟರ್ ಹಿಡಿದ. ಎಂಜಿನ್ ಓಡುವಾಗ ಹದಿನಾಲ್ಕು ವೋಲ್ಟ್ ತೋರಿಸಿತು. ಅಂದರೆ ಚಾರ್ಜ್ ಆಗುತ್ತಿದೆ. "ಒಳಗೆ ಹೋಗ್ತದೆ, ನಿಲ್ತಿಲ್ಲ. ಬ್ಯಾಟರೀನೇ ಹೋಗಿರ್ಬೇಕು." ಹೊಸದು ಹಾಕಿದ. ಅವನ ತರ್ಕದಲ್ಲಿ ನನಗೆ ತಪ್ಪು ಕಾಣಲಿಲ್ಲ.

ಸೆಲ್ಫ್ ಮುಟ್ಟಿದರೆ ಸಾಕು, ಹಿಡಿಯುತ್ತದೆ. ದಾರಿಯುದ್ದಕ್ಕೂ ಹಗುರವಾಗಿದ್ದೆ.

ಜುಲೈ 28, ಸೋಮವಾರ

ಟಕ್ ಟಕ್.

ಹೊಸ ಬ್ಯಾಟರಿ. ಒಂದೇ ವಾರ.

ಇಂದ್ರೇಶ್ ಈ ಸಲ ತಮಾಷೆ ಮಾಡಲಿಲ್ಲ. "ಎಲ್ಲೋ ಲೀಕ್ ಐತೆ ಮೇಡಂ. ಕೀ ತೆಗೆದ ಮೇಲೂ ಏನೋ ಕರೆಂಟ್ ಕುಡೀತಾ ಐತೆ. ದಿನಾ ಓಡ್ಸಿದ್ರೆ ತುಂಬ್ಕೊಳ್ತದೆ, ಭಾನುವಾರ ನಿಂತ್ರೆ ಖಾಲಿ. ಗಾಡಿ ಬಿಟ್ಟು ಹೋಗಿ. ವೈರಿಂಗ್ ಪೂರ್ತಿ ಬಿಚ್ಚಿ ನೋಡ್ಬೇಕು."

"ಎಷ್ಟು ದಿನ?"

"ಒಂದೆರಡು ದಿನ."

ಒಂದೆರಡು ದಿನ ಎಂದರೆ ಒಂದೆರಡು ಸಂಜೆ. ಅಷ್ಟು ಸಂಜೆ ಬಸ್ಸು. ಅತ್ತೆ ಜಗುಲಿಯಲ್ಲಿ ಕೂತು ರಸ್ತೆ ನೋಡುತ್ತಾ, ಹೊತ್ತು ಇಳಿದ ಮೇಲೆ ಎದ್ದು ಒಳಗೆ ಹೋಗಿ ಪಾತ್ರೆಗಳನ್ನು ಮುಚ್ಚಿಡುತ್ತಾರೆ. ನೋಡಿದ್ದೇನೆ.

"ಚಾತುರ್ಮಾಸ ಮುಗಿದರೆ ಅತ್ತೆ ರಾತ್ರಿ ನೀರಾದರೂ ಕುಡಿಯುತ್ತಾರೆ. ಅದು ಮುಗಿಯಲಿ, ಬಿಡುತ್ತೇನೆ."

"ಅದು ಯಾವಾಗ ಮುಗೀತದೆ?"

"ದೀಪಾವಳಿಗೆ."

ತಲೆ ಕೆರೆದುಕೊಂಡ. "ಹಂಗಾದ್ರೆ ದಾರೀಲಿ ಎಲ್ಲೂ ಆಫ್ ಮಾಡ್ಬೇಡಿ. ಸೀದಾ ಮನೆ."

ಆಗಸ್ಟ್ 2

ಬ್ಯಾಟರಿ ಸರಿಯಾಗಿ ತುಂಬುವುದೇ ಇಲ್ಲ, ಈಗ ದಿನವೂ ಬೆಳಿಗ್ಗೆ ಬಸದಿ ಇಳಿಜಾರು. ಸಂಜೆ ಪ್ರೆಸ್ಸಿನ ಮುಂದೆ ಮಷಿನ್ ಓಡಿಸುವ ಗಿಡ್ಡಪ್ಪ ತಳ್ಳುತ್ತಾನೆ. "ಬೈಕ್ ತಗೊಂಡಿದ್ದು ನೀವು ಅಕ್ಕಾ, ವ್ಯಾಯಾಮ ನಂದು."

ದಿನವೂ ತಳ್ಳುವುದನ್ನು ಅತ್ತೆಗೆ ಹೇಳಿಲ್ಲ. ಹೇಳಿದರೆ ‘ಬೈಕು ಬಿಡು, ಬಸ್ಸಲ್ಲೇ ಬಾ, ಒಂದು ಹೊತ್ತು ಉಣ್ಣದಿದ್ರೆ ಏನಾಯ್ತು’ ಎನ್ನುತ್ತಾರೆ.

ಓದುತ್ತಿರುವುದು ಮಂಜಿನ ಊರಿನ ಕಾದಂಬರಿ, ಅನುವಾದ. ಅದರಲ್ಲಿ ಎಲ್ಲರೂ ಮಧ್ಯರಾತ್ರಿ ಸೂಪು ಕುಡಿಯುತ್ತಾರೆ. ಯಾರೂ ಕಿಟಕಿಯಾಚೆ ಸೂರ್ಯನನ್ನು ನೋಡುವುದಿಲ್ಲ. ಎರಡು ಪುಟಕ್ಕಿಂತ ಮುಂದೆ ಹೋಗಲಾಗಲಿಲ್ಲ.

ಆಗಸ್ಟ್ 7, ಬೆಳಿಗ್ಗೆ

ನಿನ್ನೆ ಬರೆಯಲಾಗಲಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆದಿಡಬೇಕು.

ನಿನ್ನೆ ಸಂಜೆ, ಹಗರೆ ದಾಟುವ ಮುಂಚೆ ಫೋನ್. ಶಿವಯ್ಯನವರು. ವರನ ತಂದೆ ಕಲ್ಲೇಶಪ್ಪನೋ ಕಲ್ಲೇಶಯ್ಯನೋ, ಅಚ್ಚಿನ ಪ್ಲೇಟ್ ಮಾಡಿಸಬೇಕು, ಈಗಲೇ ಹೇಳು. ಬಸ್ ಸ್ಟಾಪಿನ ಬಳಿ ನಿಲ್ಲಿಸಿದೆ. ಕಲ್ಲೇಶಪ್ಪ ಎಂದೆ. ಫೋನ್ ಇಡುವಾಗ ನೋಡಿದರೆ ಕೀ ನನ್ನ ಕೈಯಲ್ಲಿದೆ. ಯಾವಾಗ ತಿರುಗಿಸಿದೆನೋ. ಕೈಯ ಅಭ್ಯಾಸ.

ಸೆಲ್ಫ್ ಇಲ್ಲ. ಕಿಕ್ ಇಲ್ಲ. ಅಲ್ಲಿ ರಸ್ತೆ ಸಮತಟ್ಟು. ಡೈರಿಗೆ ಹಾಲು ಹಾಕಿ ಬರುತ್ತಿದ್ದವರು ಇಬ್ಬರು ತಳ್ಳಿದರು. ಕೆಮ್ಮಿತು, ನಿಂತಿತು. ಸೂರ್ಯ ತೆಂಗಿನ ಮರಗಳ ತಲೆಯ ಮೇಲಿದ್ದ. ಬಸ್ಸಿನ ಸುಳಿವಿಲ್ಲ.

ಅತ್ತೆಗೆ ಫೋನ್ ಮಾಡಿದೆ. "ಬೈಕ್ ಕೆಟ್ಟಿದೆ. ನೀವು ಉಂಡುಬಿಡಿ ಅತ್ತೆ. ನನ್ನಾಣೆ."

"ಆಣೆಗೀಣೆ ಎಲ್ಲಾ ಇಡಬಾರದು. ಎಲ್ಲಿದ್ದೀಯ?"

"ಹಗರೆ ಸ್ಟಾಪ್."

ಫೋನ್ ಇಟ್ಟರು. ಮತ್ತೆ ಮಾಡಿದರೆ ತೆಗೆಯಲಿಲ್ಲ. ಬಚ್ಚಲ ನೆಲದ ಮೇಲೆ ಅವರು ಬಿದ್ದಿದ್ದ ರೀತಿ ಕಣ್ಣ ಮುಂದೆ ಬಂತು. ಸ್ಟಾಪಿನ ಕಟ್ಟೆಯ ಮೇಲೆ ಕೂತೆ. ಎದ್ದೆ. ಮತ್ತೆ ಕೂತೆ.

ಹಳೇಬೀಡಿನ ಕಡೆಯಿಂದ ಒಂದು ಆಟೋ, ಹೊಂಡ ನೋಡದೆ, ಹಾರಿ ಹಾರಿ ಬಂತು. ನಿಂತಿತು. ಇಳಿದವರು ಅತ್ತೆ. ಕೈಯಲ್ಲಿ ಟಿಫಿನ್ ಕ್ಯಾರಿಯರ್, ಸೋಸಿದ ನೀರಿನ ತಂಬಿಗೆ. ಹಿಂದೆಯೇ ಪಂಪ್‌ಸೆಟ್ ಮೋಟಾರ್ ರಿಪೇರಿಯ ಮರಿಯಣ್ಣ, ಸ್ಕ್ರೂಡ್ರೈವರ್ ಹಿಡಿದು. ಮಾವ ಹೋದ ಮೇಲೆ ಅತ್ತೆ ಬಸದಿ ಬಿಟ್ಟು ಬೇರೆಲ್ಲಿಗೂ ಹೋದವರಲ್ಲ.

ಆಟೋದ ರವಿಕುಮಾರ್ ಬೆವರು ಒರೆಸಿಕೊಂಡ. "ಅಮ್ಮಾರು ಸೂರ್ಯನ್ನ ಓವರ್‌ಟೇಕ್ ಮಾಡು ಅಂದ್ರು ಅಕ್ಕಾ. ಮಾಡಿದೀನಿ ನೋಡಿ, ಇನ್ನೂ ಅಲ್ಲೇ ಅವ್ನೆ."

"ಕೈ ತೊಳಿ" ಎಂದರು ಅತ್ತೆ. "ಮೊದಲು ಊಟ. ಗಾಡಿ ಎಲ್ಲಿಗೂ ಓಡಿ ಹೋಗಲ್ಲ."

"ಓಡಿ ಹೋಗಿದ್ರೆ ನಾವ್ಯಾಕೆ ಬತ್ತಿದ್ವಿ" ಎಂದ ರವಿಕುಮಾರ್.

ಕಟ್ಟೆಯ ಮೇಲೆ ಎದುರು ಬದುರು ಕೂತೆವು. ಚಪಾತಿ, ಹೆಸರುಕಾಳು. ಹೋಗುವ ಬರುವ ಟ್ರ್ಯಾಕ್ಟರಿನವರು ನೋಡಿಕೊಂಡು ಹೋದರು. ಅತ್ತೆ ಯಾರನ್ನೂ ನೋಡಲಿಲ್ಲ, ಸೂರ್ಯನನ್ನೂ ನನ್ನ ತಟ್ಟೆಯನ್ನೂ ಬಿಟ್ಟು.

ಮರಿಯಣ್ಣ ಹೆಡ್‌ಲೈಟ್ ಬಿಚ್ಚಿ, ಒಳಗೆ ಕೈ ಹಾಕಿ, ಹಾಗೇ ನಿಂತುಬಿಟ್ಟ.

"ಅಕ್ಕಾ... ಇದು ನಂದೇ ಕೆಲ್ಸ."

ಅತ್ತೆಯ ಕೈ ತುತ್ತಿನಲ್ಲೇ ನಿಂತಿತು.

ಬೈಕ್ ಬಂದ ತಿಂಗಳೇ ಅತ್ತೆ ಅವನನ್ನು ಕರೆಸಿ, ದೀಪ ಆರಿಸಲು ಸ್ವಿಚ್ ಹಾಕಿಸಿದ್ದಾರೆ, ಹೆಡ್‌ಲೈಟಿನ ಕೆಳಗೆ, ಕಾಣದ ಹಾಗೆ. ಸ್ವಿಚ್ಚಿಗೆ ಒಂದು ರಿಲೇ, ದೀಪಕ್ಕೆ ಕರೆಂಟ್ ಬಿಡುವ ಚಿಕ್ಕ ಡಬ್ಬಿ. ಆ ರಿಲೇಗೆ ಅವನು ಪಂಪ್‌ಸೆಟ್ಟಿಗೆ ಕೊಡುವ ಹಾಗೆ ನೇರ ಲೈನ್ ಕೊಟ್ಟಿದ್ದಾನೆ, ಬ್ಯಾಟರಿಯಿಂದಲೇ. ಕೀಲಿಯ ಹಂಗಿಲ್ಲ. ಸ್ವಿಚ್ ಆನ್ ಇದ್ದರೆ, ಕೀ ತೆಗೆದು ದೀಪ ಆರಿದ ಮೇಲೂ ರಿಲೇ ಎಚ್ಚರವಾಗಿರುತ್ತದೆ, ಕರೆಂಟ್ ಕುಡಿಯುತ್ತಾ. ಮುಟ್ಟಿ ನೋಡಿದೆ. ಬೆಚ್ಚಗಿತ್ತು.

"ಹಂಗಾದ್ರೆ ಅಮ್ಮಾರೆ, ಗಾಡಿ ನಿಂತಾಗ ಸ್ವಿಚ್ ಆಫ್ ಮಾಡ್ತಿರಲಿಲ್ವಾ ನೀವು?" ಎಂದ ಮರಿಯಣ್ಣ.

"ಮಾಡ್ತಿದ್ದೆ. ಇವಳು ಗೇಟಿಗೆ ಬಂದ ತಕ್ಷಣ ಆರಿಸ್ತಿದ್ದೆ. ಅಲ್ಲೇ ಮಲ್ಲಿಗೆ ಬಳ್ಳಿ, ಹುಳ ಜಾಸ್ತಿ." ಧ್ವನಿ ಸಣ್ಣದಾಯಿತು. "ಆಮೇಲೆ ಇವಳು ಒಳಗೆ ಹೋದ್ ಮೇಲೆ ಮತ್ತೆ ಹಾಕಿಡ್ತಿದ್ದೆ. ಬೆಳಿಗ್ಗೆ ರಸ್ತೇಲಿ ಇವಳಿಗೆ ದೀಪ ಬೇಕಲ್ಲಪ್ಪ."

ಧೂಳು ಒರೆಸುತ್ತಿದ್ದದ್ದಲ್ಲ. ನನಗೆ ನಗು ಬಂತು, ತಡೆಯಲಾಗಲಿಲ್ಲ. ಮರಿಯಣ್ಣನೂ ನಕ್ಕ. ಅತ್ತೆ ನಗಲಿಲ್ಲ. ತುತ್ತು ತಟ್ಟೆಯಲ್ಲಿಟ್ಟರು.

"ಉಣ್ಣಿ ಅತ್ತೆ. ಹೊತ್ತಿದೆ."

"ದಿನಾ ಬೆಳಿಗ್ಗೆ ತಳ್ಳಿಕೊಂಡು ಹೋಗ್ತಿದ್ಯಂತೆ. ಪಕ್ಕದ ಮನೆಯ ಪ್ರತಿಮಾ ಈಗ ಹೊರಡುವಾಗ ಹೇಳಿದ್ಲು. ನನಗೆ ಒಂದು ಮಾತು ಹೇಳಬಾರದಾ?"

"ನೀವು ಸ್ವಿಚ್ಚಿನ ವಿಷಯ ಹೇಳಿದ್ರಾ?"

ಅತ್ತೆ ತಟ್ಟೆ ಖಾಲಿ ಮಾಡಿದರು. ತಂಬಿಗೆಯ ನೀರು ಮೊದಲು ನನಗೆ ಕೊಟ್ಟು, ಉಳಿದದ್ದು ಕುಡಿದರು. ಬಿಸಿಲು ತೆಂಗಿನ ಕಾಂಡಕ್ಕೆ ಇಳಿಯಿತು, ಆಮೇಲೆ ಬೇಲಿಗೆ, ಆಮೇಲೆ ಇಲ್ಲ.

ಮರಿಯಣ್ಣ ರಿಲೇ ಕಿತ್ತು, ವೈರ್ ಮೊದಲಿನ ಹಾಗೆ ಸೇರಿಸಿ, ಆಟೋದ ಬ್ಯಾಟರಿಯಿಂದ ಎರಡು ವೈರ್ ಎಳೆದು ಸ್ಟಾರ್ಟ್ ಮಾಡಿಕೊಟ್ಟ. ಆಟೋ ಮುಂದೆ, ನಾನು ಹಿಂದೆ. ಹೆಡ್‌ಲೈಟಿಗೆ ಹುಳಗಳು ಬಂದು ಬಡಿಯುತ್ತಲೇ ಇದ್ದವು. ಈ ಮೊದಲು ನಾನು ಅವನ್ನು ನೋಡಿಯೇ ಇರಲಿಲ್ಲ.

ಆಗಸ್ಟ್ 8

ಇಂದ್ರೇಶ್ ಮೀಟರ್ ಇಟ್ಟು ನೋಡಿದ. ಸೋರಿಕೆ ಇಲ್ಲ. "ಅತ್ತೆ ಮಾಡಿದ ರಿಪೇರೀನ ಸೊಸೆ ಬಿಚ್ಚಿಸ್ಕೊಂಡು ಬಂದಿದ್ದು ಇದೇ ಮೊದ್ಲು ಮೇಡಂ" ಎಂದ.

ರಸ್ತೆ ತಿರುವಿನಲ್ಲೇ ಎಂಜಿನ್ ಆರಿಸಿ, ಮನೆಯವರೆಗೆ ತಳ್ಳಿಕೊಂಡು ಬಂದೆ. ಅಷ್ಟು ದೂರವೇನಲ್ಲ. ಮತ್ತೆ ಕೆಟ್ಟಿತೆಂದು ಅತ್ತೆ ಗಾಬರಿಯಾದರು. "ಇಲ್ಲ, ಚೆನ್ನಾಗಿದೆ" ಎಂದೆ. ಗೇಟಿನ ಬಳ್ಳಿ ನೋಡಿದರು, ಬೈಕ್ ನೋಡಿದರು.

ಊಟಕ್ಕೆ ಕೂತಾಗ: "ಇನ್ಮೇಲೆ ನೀನು ಬರದಿದ್ರೂ ಹೊತ್ತಿಗೆ ಉಂಡುಬಿಡ್ತೀನಿ. ಜೀವ ಕೈಯಲ್ಲಿ ಹಿಡ್ಕೊಂಡು ಓಡಿಸ್ಕೊಂಡು ಬರಬೇಡ."

"ಗಂಟಲಲ್ಲಿ ಇಳಿಯಲ್ಲ ಅಂತಿದ್ರಿ."

"ಇಳಿಸ್ತೀನಿ."

ನಂಬಿಕೆಯಿಲ್ಲ. ಅವರು ಹೇಳಿದ್ದನ್ನು ಪರೀಕ್ಷಿಸುವ ಮನಸ್ಸೂ ಇಲ್ಲ.

ಆಗಸ್ಟ್ 18, ಸೋಮವಾರ

ಮೊದಲ ಸಲಕ್ಕೇ ಹಿಡಿಯಿತು.

ಆಗಸ್ಟ್ 22, ಸಂಜೆ

ತಡವಾಯಿತು. ಬೈಕಿನದೇನೂ ತಪ್ಪಿಲ್ಲ. ಕಲ್ಲೇಶಪ್ಪನವರ ಪತ್ರಿಕೆಯಲ್ಲಿ ಮುಹೂರ್ತದ ವಾರ ತಪ್ಪಿ ಅಚ್ಚಾಗಿತ್ತು. ನಾನೇ ಹಿಡಿದದ್ದು, ಹಿಡಿದ ಮೇಲೆ ಬಿಟ್ಟು ಬರುವ ಹಾಗಿರಲಿಲ್ಲ. ಮತ್ತೆ ಕಂಪೋಸ್, ಮತ್ತೆ ಪ್ರೂಫ್. ಅತ್ತೆಗೆ ಫೋನ್ ಮಾಡಿದೆ. "ಆಯ್ತು, ನಿಧಾನಕ್ಕೆ ಬಾ" ಎಂದರು. ನಿಧಾನಕ್ಕೇ ಬಂದೆ. ಹಗರೆಯಲ್ಲಿ ಕತ್ತಲಾಯಿತು.

ಅತ್ತೆ ಜಗುಲಿಯ ಮೇಲಿದ್ದರು.

"ಉಂಡ್ರಾ?"

"ಉಂಡೆ."

ಅಡಿಗೆಮನೆಗೆ ಹೋಗಿ ನೋಡಿದೆ. ಒಂದೇ ತಟ್ಟೆ, ತೊಳೆದು ಬೋರಲು ಹಾಕಿದೆ. ಸಕ್ಕರೆ ಕಾಯಿಲೆಯ ಮಾತ್ರೆ ಪಟ್ಟಿಯಲ್ಲಿ ಇವತ್ತಿನ ಗುಳಿಯೂ ಖಾಲಿ. ಉಂಡಿದ್ದಾರೆ. ಒಬ್ಬರೇ ಕೂತು. ಬಾಗಿಲಿಗೆ ಒರಗಿದೆ. ಮೈಯಿಂದ ಏನೋ ಭಾರ ಇಳಿದ ಹಾಗೆ. ಜೊತೆಗೆ ಆ ಒಂದೇ ತಟ್ಟೆ...

"ನಿಂದು?" ಎಂದರು ಹೊರಗಿನಿಂದ.

"ಬೇಲೂರಲ್ಲೇ ಆಯ್ತು ಅತ್ತೆ."

ಸುಳ್ಳು. ಆದರೆ ಈ ಮನೆಗೆ ನಾನು ಬಂದಾಗಿನಿಂದ ಹೊತ್ತು ಮುಳುಗಿದ ಮೇಲೆ ಒಲೆ ಹೊತ್ತಿದ್ದಿಲ್ಲ. ನನಗೆ ನಿಯಮವಿಲ್ಲ, ಅವರ ಜೊತೆ ಉಣ್ಣುವುದೇ ನನ್ನ ನಿಯಮ. ಒಂದು ರಾತ್ರಿ ಹಸಿದರೆ ನನಗೇನೂ ಆಗುವುದಿಲ್ಲ. ಕೋಣೆಗೆ ಬಂದು ಇದನ್ನು ಬರೆಯುತ್ತಿದ್ದೇನೆ.

ಅಡಿಗೆಮನೆಯ ಕಿಟಕಿ ಮುಚ್ಚಿದ ಸದ್ದು. ಇನ್ನೊಂದು ಕಿಟಕಿ. ಈಗ ಲೈಟ್. ಪಾತ್ರೆ ಏನೋ ಇಳಿಸುತ್ತಿದ್ದಾರೆ. ನೀರಿಗಿರಬೇಕು — ಅಲ್ಲ, ನೀರೂ ಕುಡಿಯುವುದಿಲ್ಲ ಅವರು.

ಗ್ಯಾಸ್ ಲೈಟರಿನ ಸದ್ದು. ಒಮ್ಮೆ. ಎರಡನೇ ಸಲಕ್ಕೆ ಹತ್ತಿಕೊಂಡಿತು.

"ಜಿನಶ್ರೀ, ಸುಳ್ಳು ಹೇಳೋಕೆ ಬರಲ್ಲ ಕಣೇ ನಿನಗೆ. ಬಾ. ಪಲ್ಯ ಬಿಸಿ ಆಗ್ತಿದೆ. ನೀನು ಉಣ್ಣು, ನಾನು ಸುಮ್ಮನೆ ಎದುರಿಗೆ—"