ಮೂರೂ ಒಂದೇ ಕಡೆಗೆ

ಶನಿವಾರ, ಜೂನ್ 1

ಅಂಗಡಿ ಮಧ್ಯಾಹ್ನಕ್ಕೇ ಮುಚ್ಚಿದೆ. ಎರಡು ಫ್ರೇಮ್ ಬಾಕಿ. ಒಂದು ಮದುವೆ ಫೋಟೋ, ಇನ್ನೊಂದು ಯಾರದೋ ಸರ್ಟಿಫಿಕೇಟು. ಸೋಮವಾರ ನೋಡಿಕೊಂಡರಾಯಿತು. ಎಡಚಿ ಬಂದಿದ್ದಾಳೆ; ಎಡಗೈಯವಳು ಅಂತ ಮಗಳನ್ನು ನಾನು ಕರೆಯುವುದೇ ಹಾಗೆ. ಬ್ಯಾಗ್ ಸೋಫಾ ಮೇಲೆ ಎಸೆದು, ಅಡುಗೆಮನೆಯ ಮೇಜಿನ ತುಂಬ ರಾಕೆಟ್ಟಿನ ಸಾಮಾನು ಹರವಿಕೊಂಡು ಕೂತವಳು ಊಟಕ್ಕೂ ಏಳಲಿಲ್ಲ.

ಶಾಲೆಯ ಸೈನ್ಸ್ ಕ್ಲಬ್ಬಿನ ರಾಕೆಟ್. ಹದಿನೈದಕ್ಕೆ ರಿಹರ್ಸಲ್, ತಿಂಗಳ ಕೊನೆಗೆ ನಿಜವಾದ ಹಾರಾಟ. ಕಾಗದದ ಕೊಳವೆ, ಪ್ಲಾಸ್ಟಿಕ್ ಮೂತಿ, ಒಳಗೆ ಮಡಚಿಟ್ಟ ಪ್ಯಾರಾಚೂಟ್, ಬುಡದಲ್ಲಿ ತೆಳು ಮರದ ಮೂರು ರೆಕ್ಕೆ.

"ರೆಕ್ಕೆ ಅಲ್ಲ ಅಪ್ಪ, ಫಿನ್ನು."

ಫಿನ್ನೋ ಪನ್ನೋ. ಕೊಳವೆಗೆ ಕಾಗದದ ಪಟ್ಟಿ ಸುತ್ತಿ, ಅದನ್ನು ಮೂರಾಗಿ ಮಡಚಿ ಗುರುತು ಹಾಕಿದಳು. ಜಾಣೆ. ಆಮೇಲೆ ಅಂಟು ಸವರಿ, ಎಡಗೈ ಹೆಬ್ಬೆರಳಲ್ಲಿ ಒತ್ತಿ ಹಿಡಿದು ಕೂತಳು. ಮುಗಿದ ಮೇಲೆ ನೋಡಿದರೆ ವಾಲಿದೆ. ಕೊಳವೆಯ ಉದ್ದಕ್ಕೆ ನೇರ ಇರಬೇಕಾದ್ದು, ಹಿಂಬದಿ ತುಸು ಬಲಕ್ಕೆ ಜಾರಿದೆ. ಒಂದಲ್ಲ, ಮೂರೂ.

ಬಾಯಿ ಬಿಡಲಿಲ್ಲ. ಜುಲೈಯಿಂದ ಶನಿವಾರ ಇಲ್ಲಿಗೆ ಬರುವುದು ಬಿಡುವುದು ಅವಳಿಷ್ಟ. ಹನ್ನೆರಡು ತುಂಬಿದ ಮೇಲೆ ಅವಳನ್ನೇ ಕೇಳೋಣ ಅಂತ ಬೇರೆಯಾಗುವಾಗ ನಾನೂ ಅವಳಮ್ಮನೂ ಒಪ್ಪಿಕೊಂಡಿದ್ದು. ಒಪ್ಪುವಾಗ ಹನ್ನೆರಡು ಎಲ್ಲೋ ದೂರ ಇತ್ತು. ಈಗ ಮೇಜಿನ ಮುಂದೆ ಕೂತಿದೆ, ಬೆರಳ ತುಂಬ ಅಂಟು ಮೆತ್ತಿಕೊಂಡು.

ಭಾನುವಾರ, ಜೂನ್ 2. ಬೆಳಿಗ್ಗೆ

ಅವಳು ಸ್ನಾನಕ್ಕೆ ಹೋಗಿದ್ದಾಳೆ. ರಾಕೆಟ್ ಮೇಜಿನ ಮೇಲೆ ನಿಂತಿದೆ. ಕಾಫಿ ಕುಡಿಯುತ್ತ ಅದನ್ನು ನೋಡದೆ ಇರುವುದು ಹೇಗೆ? ದಿನವಿಡೀ ಮೂಲೆಮಟ್ಟ ಹಿಡಿದು ಚೌಕಟ್ಟಿನ ಮೂಲೆ ಕೂಡಿಸುವವನ ಕಣ್ಣಿಗೆ ಆ ವಾಲು ಮರಳು ಬಿದ್ದ ಹಾಗೆ.

ಒಂದೇ ಒಂದು ರೆಕ್ಕೆ. ಅಂಟು ಇನ್ನೂ ಪೂರ್ತಿ ಕಚ್ಚಿರಲಿಲ್ಲ. ಬ್ಲೇಡಿನಲ್ಲಿ ಬಿಡಿಸಿ, ಮೂಲೆಮಟ್ಟ ಇಟ್ಟು, ನೇರ ಕೂರಿಸಿದೆ. ಎರಡನೆಯದಕ್ಕೆ ಕೈ ಹಾಕುವಷ್ಟರಲ್ಲಿ ಬಚ್ಚಲಿನ ನೀರು ನಿಂತಿತು. ಕಾಫಿ ಲೋಟ ಹಿಡಿದು ಪೇಪರ್ ಓದುವವನ ಹಾಗೆ ಕೂತೆ. ಪೇಪರ್ ನಿನ್ನೆಯದು.

ಅವಳಿಗೆ ಗೊತ್ತಾಗಲಿಲ್ಲ. ಬೂಟಿನ ಡಬ್ಬಿಯಲ್ಲಿ ರಾಕೆಟ್ ಇಟ್ಟುಕೊಂಡು ಅಮ್ಮನ ಮನೆಗೆ ಹೋದಳು. ಉಳಿದೆರಡು ಮುಂದಿನ ವಾರ ನೋಡಿಕೊಳ್ಳುವುದು.

ಶನಿವಾರ, ಜೂನ್ 8

ಮೈಯೆಲ್ಲ ಉರಿಯುತ್ತಿದೆ.

ಡಬ್ಬಿ ತೆರೆದಳು. ಒಂದು ರೆಕ್ಕೆಯ ಬುಡದಲ್ಲಿ ಗುಲಾಬಿ ಬಣ್ಣದ ಏನೋ ಮೆತ್ತಿದೆ. ಒಸಡಿನ ಬಣ್ಣ. ಮುಟ್ಟಿ ನೋಡಿದೆ, ಕಲ್ಲು.

"ಇದೇನೇ?"

"ಅಂಕಲ್ ಸರಿ ಮಾಡಿದ್ರು."

ಅಂಕಲ್ ಅಂದರೆ ಅವಳಮ್ಮನನ್ನು ಮದುವೆಯಾದ ಹಲ್ಲಿನ ಡಾಕ್ಟರು. ಆ ಮನುಷ್ಯ ಕಟ್ಟುಹಲ್ಲು ಕೂರಿಸುವ ಗುಲಾಬಿ ಸಿಮೆಂಟು ತಂದು ರಾಕೆಟ್ಟಿಗೆ ಬಳಿದಿದ್ದಾನೆ. ನನ್ನ ಮಗಳ ರಾಕೆಟ್ಟಿಗೆ. ಯಾರು ಕೇಳಿದ್ದರು? ಕಂಡವರ ಕೆಲಸದಲ್ಲಿ ಮೂಗು ತೂರಿಸುವುದಕ್ಕೂ ಒಂದು ಮಿತಿ ಬೇಡವೆ?

ಮೂಲೆಮಟ್ಟ ಇಟ್ಟು ನೋಡಿದೆ. ನೇರ ಇದೆ. ಕೂದಲೆಳೆಯಷ್ಟೂ ಆಚೀಚೆ ಇಲ್ಲ. ಅದು ಇನ್ನೂ ಉರಿಸಿತು.

"ಮೂರನೇದು ನಾನು ನೋಡ್ಲಾ?" ಅಂದೆ, ಮೆತ್ತಗೆ.

"ಬೇಡ."

ಅಷ್ಟೇ. ಡಬ್ಬಿ ಮುಚ್ಚಿದಳು. ಸಂಜೆಯವರೆಗೆ ಮುಖ ಊದಿಸಿಕೊಂಡು ಟಿವಿ ಮುಂದೆ. ಡಾಕ್ಟರ ಮೇಲಿನ ಸಿಟ್ಟು ಅಂದುಕೊಂಡೆ. ನಿಜ ಹೇಳಬೇಕೆಂದರೆ ಒಳಗೊಳಗೇ ಖುಷಿಯಾಯಿತು.

ಗುರುವಾರ, ಜೂನ್ 13

ಗಿರಾಕಿ ಸಿಟ್ಟು ಮಾಡಿಕೊಂಡು ಹೋದ. ಮದುವೆ ಫೋಟೋ ಸುತ್ತ ಗುಲಾಬಿ ರಟ್ಟಿನ ಮೌಂಟ್ ಹಾಕಿ ಅಂದ, ಹಾಕುವುದಿಲ್ಲ ಅಂದೆ. ಆ ಬಣ್ಣ ನೋಡಿದರೇ ಆಗುತ್ತಿಲ್ಲ.

ಶನಿವಾರ, ಜೂನ್ 15

ಬರೆಯುವ ಮನಸ್ಸಿಲ್ಲ. ಬರೆಯದಿದ್ದರೆ ಗೋಡೆಗೆ ತಲೆ ಚಚ್ಚಿಕೊಳ್ಳಬೇಕು, ಅಷ್ಟೇ.

ಶಾಲೆಯ ಮೈದಾನ. ಹಗ್ಗ ಕಟ್ಟಿ ಅಪ್ಪ ಅಮ್ಮಂದಿರನ್ನೆಲ್ಲ ಆಚೆ ನಿಲ್ಲಿಸಿದ್ದರು. ವಿಜ್ಞಾನದ ಮೇಡಂ ಮೈಕಿನಲ್ಲಿ ಎಣಿಸಿದರು. ಎಡಚಿ ಗುಂಡಿ ಒತ್ತಿದಳು. ರಾಕೆಟ್ ಸಿಕ್ಕಿಸಿದ್ದ ಕಂಬಿ ಬಿಟ್ಟು ಎದ್ದಿತು. ಒಂದು ಮಾಳಿಗೆ ಎತ್ತರ ನೆಟ್ಟಗೆ. ಆಮೇಲೆ ಸೊಂಟ ಮುರಿದ ಹಾಗೆ ಪಕ್ಕಕ್ಕೆ ವಾಲಿ, ಗಿರಕಿ ಹೊಡೆದು, ಸೈಕಲ್ ಸ್ಟ್ಯಾಂಡಿನ ತಗಡಿನ ಮೇಲೆ ಹೋಗಿ ಬಿತ್ತು. ಯಾರೋ ಮಕ್ಕಳು ನಕ್ಕರು.

ಅಷ್ಟಕ್ಕೇ ಮುಗಿದಿದ್ದರೆ ಆಗುತ್ತಿತ್ತು.

"ನಿಮ್ಮ ಸಿಮೆಂಟಿನ ಭಾರಕ್ಕೆ ವಾಲಿದ್ದು ಡಾಕ್ಟ್ರೇ," ಅಂದೆ, ಪಕ್ಕದಲ್ಲಿ ನಿಂತಿದ್ದವರಿಗೆ.

"ಭಾರ ಅರ್ಧ ಗ್ರಾಮೂ ಇಲ್ಲ ಸಾರ್. ನಿಮ್ಮ ಕಡೆ ಅಂಟಿಸಿದ್ದು ಬಿಟ್ಟುಕೊಂಡಿರಬೇಕು."

"ನಾನು ಅಂಟಿಸಿದ್ದು ಬಿಡಲ್ಲ. ಇಪ್ಪತ್ತು ವರ್ಷದಿಂದ ಅಂಟಿಸ್ತಿದೀನಿ."

"ನಾನೂ ಅಂಟಿಸ್ತಿದೀನಿ. ಅದ್ರಲ್ಲಿ ಜನ ಊಟಾನೇ ಮಾಡ್ತಾರೆ."

ಇಬ್ಬರೂ ದನಿ ಏರಿಸಲಿಲ್ಲ, ಸಾರ್ ಡಾಕ್ಟ್ರೇ ಬಿಡಲಿಲ್ಲ. ಆದರೂ ಅಕ್ಕಪಕ್ಕದವರು ತಿರುಗಿ ನೋಡುತ್ತಿದ್ದರು. ಅವಳಮ್ಮ ನಡುವೆ ಬಂದಳು.

"ಸಾಕು ಮಾಡ್ತೀರಾ ಇಬ್ರೂ? ಅವಳೆಲ್ಲಿ ಅಂತಾದ್ರೂ ನೋಡಿದ್ರಾ?"

ನೋಡಿರಲಿಲ್ಲ. ಎಡಚಿ ಸೈಕಲ್ ಸ್ಟ್ಯಾಂಡಿನ ಹತ್ತಿರ ಒಬ್ಬಳೇ ಕೂತು, ನಜ್ಜಿದ ಮೂತಿಯನ್ನು ಬೆರಳಲ್ಲಿ ಸರಿ ಮಾಡುತ್ತಿದ್ದಳು. ನಾನು ಹತ್ತಿರ ಹೋದೆ. ಎದ್ದು ಅಮ್ಮನ ಕಾರು ಹತ್ತಿದಳು. ಇವತ್ತು ನನ್ನ ಶನಿವಾರ.

ಭಾನುವಾರ, ಜೂನ್ 16

ಹೊಟ್ಟೆನೋವಂತೆ. ಬರುವುದಿಲ್ಲವಂತೆ. ಅವಳಮ್ಮನ ಮೆಸೇಜು.

ಹಾಸಿಗೆ ಸರಿ ಮಾಡಿದೆ. ಯಾರೂ ಮಲಗದ ಹಾಸಿಗೆ, ಸರಿ ಮಾಡಲು ಏನಿತ್ತು.

ಬುಧವಾರ, ಜೂನ್ 19. ಸಂಜೆ

ಅಂಗಡಿಗೇ ಫೋನ್ ಮಾಡಿದಳು. ಮೊಬೈಲಿಗಲ್ಲ. ಗಾಜು ಕತ್ತರಿಸುತ್ತಿದ್ದೆ, ಗೆರೆ ತಪ್ಪಿ ಒಂದು ಹಾಳೆ ವ್ಯರ್ಥವಾಯಿತು.

"ಅಪ್ಪ, ನೀನೂ ಒಂದು ಫಿನ್ ಮುಟ್ಟಿದ್ದೆ."

ಮೂಲೆಯಲ್ಲಿ ಸ್ವಲ್ಪ ಬಿಟ್ಟುಕೊಂಡಿತ್ತು, ಅದಕ್ಕೆ... ಅಂತ ತಿಪ್ಪೆ ಸಾರಿಸಲು ಹೊರಟೆ.

"ಸುಳ್ಳು ಹೇಳ್ಬೇಡ. ಸ್ನಾನ ಮಾಡಿ ಬಂದಾಗ ಅಂಟು ಹಸಿ ಇತ್ತು. ನನಗೆ ಅವತ್ತೇ ಗೊತ್ತು."

"ವಾಲಿತ್ತಲ್ಲ ಮರಿ. ಬಿದ್ದುಹೋಗುತ್ತೆ ಅಂತ..."

"ಮೂರೂ ಒಂದೇ ಕಡೆ ವಾಲಿದ್ವು ಅಪ್ಪ. ಹಾಗೇ ಬಿಟ್ಟಿದ್ರೆ ಬುಗುರಿ ಥರ ತಿರುಗ್ತಾ ನೇರ ಹೋಗ್ತಿತ್ತು. ಮೇಡಂ ಹೇಳಿದ್ರು. ನೀನು ಒಂದು ಸರಿ ಮಾಡ್ದೆ, ಅಂಕಲ್ ಒಂದು ಸರಿ ಮಾಡಿದ್ರು. ನಂದು ಅಂತ ಉಳಿದಿದ್ದು ಒಂದೇ. ಅದಕ್ಕೇ ಬಿತ್ತು."

ಹೊರಗೆ ಗಿರಾಕಿ ಬೆಲ್ ಒತ್ತುತ್ತಿದ್ದ.

"ನನ್ನ ಚಿತ್ರಕ್ಕೆ ಫ್ರೇಮ್ ಹಾಕ್ವಾಗ್ಲೂ ಹಾಗೇ ಮಾಡ್ದೆ. ಅಂಚು ಸೊಟ್ಟ ಇದೆ ಅಂತ ಕತ್ತರಿಸ್ದೆ. ಬೆಕ್ಕಿನ ಬಾಲ ಹೋಯ್ತು."

ಇಟ್ಟುಬಿಟ್ಟಳು.

ರಾತ್ರಿ ಊಟಕ್ಕೆ ಕೂತಾಗ ಎದುರಿನ ಗೋಡೆ ನೋಡಿದೆ. ಅವಳು ಒಂದನೇ ಕ್ಲಾಸಿನಲ್ಲಿ ಬರೆದ ಬೆಕ್ಕು. ತೇಗದ ಚೌಕಟ್ಟು, ನನ್ನ ಕೈಯ ಕೆಲಸ, ರಸಮಟ್ಟ ಇಟ್ಟು ತೂಗುಹಾಕಿದ್ದು. ಬಾಲ ಇಲ್ಲ. ಇಷ್ಟು ವರ್ಷ ದಿನಾ ನೋಡಿದ್ದೇನೆ, ಬಾಲ ಇಲ್ಲ ಅಂತ ಒಂದು ದಿನವೂ ಅನಿಸಿರಲಿಲ್ಲ.

ಶನಿವಾರ, ಜೂನ್ 22

ಬಂದಳು. ಬರುವುದಿಲ್ಲ ಅಂದುಕೊಂಡಿದ್ದೆ.

ಡಬ್ಬಿಯಲ್ಲಿ ಬೋಳು ಕೊಳವೆ. ಮೂರೂ ರೆಕ್ಕೆ ಕತ್ತರಿಸಿ ತೆಗೆದಿದ್ದಾಳೆ. ಗುಲಾಬಿ ಸಿಮೆಂಟು ಕಿತ್ತು ಬಂದಿಲ್ಲ, ಅದರ ಮೇಲೇ ಕಾಗದ ಸುತ್ತಿದ್ದಾಳೆ.

"ನೀನು ಇಲ್ಲಿ ಕೂತ್ಕೋ," ಅಂದಳು. ಮೇಜಿನ ಆಚೆ ಕುರ್ಚಿ ತೋರಿಸಿ. "ಕೈ ಕಟ್ಕೊಂಡು."

"ನಾನೇನು ಒಂದನೇ ಕ್ಲಾಸಾ?"

"ಕೈ ಕಟ್ಕೋ ಅಪ್ಪ."

ಕಟ್ಟಿಕೊಂಡೆ. ಯಾರಿಗೂ ಬೇಡ ಈ ಪಾಡು. ರೆಕ್ಕೆ ಕತ್ತರಿಸುವಾಗ ಬ್ಲೇಡು ಮರದ ಎಳೆಗೆ ಅಡ್ಡ ಹೋಯಿತು, ಹಲ್ಲು ಕಚ್ಚಿ ಸುಮ್ಮನಿದ್ದೆ. ಸ್ಯಾಂಡ್‌ಪೇಪರ್ ಒಂದೇ ಬದಿ ಉಜ್ಜಿದಳು. ಸುಮ್ಮನಿದ್ದೆ. ಅಂಟು ಬೇಕಾದ್ದಕ್ಕಿಂತ ಹೆಚ್ಚು ಹಾಕಿದಳು, ಮೇಜಿನ ಮೇಲೆಲ್ಲ ತೊಟ್ಟಿಕ್ಕಿತು. ಕೆಮ್ಮಿದೆ.

"ಕೆಮ್ಬೇಡ."

ಮೊದಲನೆಯದು ಅಂಟಿತು. ವಾಲಿತು. ಹಿಂಬದಿ ಬಲಕ್ಕೆ. ಎರಡನೆಯದು ವಾಲಿತು, ಅದೇ ಕಡೆಗೆ. ಮೂರನೆಯದನ್ನು ಎಡಗೈ ಹೆಬ್ಬೆರಳಲ್ಲಿ ಒತ್ತಿ ಹಿಡಿದು, ನಾಲಿಗೆ ತುದಿ ಹೊರಗೆ ಹಾಕಿ ಕೂತಿದ್ದಳು. ಕೆಳಗಿನ ಸಾಲಿನಲ್ಲಿ ಒಂದು ಹಲ್ಲು ಸೊಟ್ಟ. ನಮ್ಮಮ್ಮನ ಹಲ್ಲು ಅದು, ಹಾಗೇ ಎದ್ದು ಬಂದಿದೆ. ಅವಳ ಕಣ್ಣು ನನ್ನ ಮೇಲೆ ಬಿತ್ತು.

"ಏನ್ ನೋಡ್ತಿದೀಯಾ?"

"ಏನಿಲ್ಲ. ಸಮ ವಾಲಿದೆ."

ನಕ್ಕಳು ಅಂತ ಬರೆಯುವ ಹಾಗಿಲ್ಲ. ತುಟಿ ಸ್ವಲ್ಪ ಆಡಿತು.

ಭಾನುವಾರ, ಜೂನ್ 23

ಅವಳು ಸ್ನಾನಕ್ಕೆ ಹೋದಾಗ ನಾನು ಮನೆ ಬಿಟ್ಟು ಬೀದಿ ತುದಿಯ ಅಂಗಡಿಗೆ ಹೋಗಿ ನಿಂತೆ. ಹಾಲು ತಂದೆ. ಮನೆಯಲ್ಲಿ ಹಾಲಿತ್ತು.

ಶನಿವಾರ, ಜೂನ್ 29

ಮೈದಾನ. ಗಾಳಿ ಜಾಸ್ತಿ, ಎಲ್ಲರ ಸರದಿಯೂ ತಡ. ಹಗ್ಗದ ಆಚೆ ನಾನು, ನನ್ನ ಪಕ್ಕ ಡಾಕ್ಟರು. ಬೇರೆ ಜಾಗ ಇರಲಿಲ್ಲ. ಇಬ್ಬರ ಕೈಯೂ ಜೇಬಿನಲ್ಲಿ. ಎದುರಿಗೆ ಎಡಚಿ ರಾಕೆಟ್ ಕಂಬಿಗೆ ಏರಿಸುತ್ತಿದ್ದಳು, ಎಷ್ಟು ಸಲ ಮಾಡಿದರೂ ಸಿಕ್ಕಿಕೊಳ್ಳುತ್ತಿತ್ತು.

"ಹೋಗಿ ಸ್ವಲ್ಪ ಹಿಡ್ಕೊಂಡ್ರೆ..." ಅಂದರು ಡಾಕ್ಟರು.

"ಹೋಗಿ ನೋಡಿ," ಅಂದೆ.

ಹೋಗಲಿಲ್ಲ. ತಾವೇ ಮಾತು ತೆಗೆದರು.

"ಅವಳ ಕೆಳಗಿನ ಹಲ್ಲೊಂದು ಸೊಟ್ಟ ಇದೆ ಸಾರ್. ಕ್ಲಿಪ್ ಹಾಕ್ಲಾ ಅಂತ ಕೇಳ್ದೆ. ವಾರದಿಂದ ನನ್ನ ಹತ್ರ ಮಾತಿಲ್ಲ."

"ಅದು ನಮ್ಮಮ್ಮನ ಹಲ್ಲು."

"ಅವಳೂ ಅದನ್ನೇ ಹೇಳಿದ್ಲು. ಅಪ್ಪನ ಮನೆ ಹಲ್ಲು, ಮುಟ್ಬೇಡಿ ಅಂತ."

ಅಷ್ಟರಲ್ಲಿ ಮೇಡಂ ಎಣಿಸಲು ಶುರು ಮಾಡಿದರು.

ಎದ್ದಿತು. ಮಾಳಿಗೆ ಎತ್ತರ ದಾಟಿತು. ಉಸಿರು ಹಿಡಿದೆ, ಈಗ ವಾಲುತ್ತದೆ, ಈಗ... ವಾಲಲಿಲ್ಲ. ಬುಗುರಿಯ ಹಾಗೆ ತಿರುಗುತ್ತ, ಬಿಳಿ ಹೊಗೆಯನ್ನು ತಿರುಚುತ್ತ, ನೆತ್ತಿಯ ಮೇಲೆ ನೆಟ್ಟಗೆ ಹೋಯಿತು. ಡಾಕ್ಟರು ನನ್ನ ತೋಳು ಹಿಡಿದುಕೊಂಡಿದ್ದರು. ನಾನೂ ಬಿಡಿಸಿಕೊಳ್ಳಲಿಲ್ಲ. ಪ್ಯಾರಾಚೂಟ್ ಬಿಚ್ಚಿ, ಗಾಳಿಗೆ ತೇಲಿ, ಕಾಂಪೌಂಡಿನ ಗೋಡೆಗೆ ತಾಗಿ ಬಿತ್ತು. ಒಂದು ರೆಕ್ಕೆ ಕಿತ್ತು ಬಂತು.

ಎಡಚಿ ಕಿತ್ತ ರೆಕ್ಕೆ, ರಾಕೆಟ್ ಎರಡನ್ನೂ ಹಿಡಿದು ಓಡಿ ಬಂದಳು. ನಮ್ಮಿಬ್ಬರ ಮುಖ ನೋಡಿದಳು. ಇಬ್ಬರೂ ರೆಕ್ಕೆಯನ್ನೇ ನೋಡುತ್ತಿದ್ದೆವು. ಡಾಕ್ಟರು ಕೈ ಚಾಚಿದರು, ನಾನೂ ಚಾಚಿದೆ, ಇಬ್ಬರೂ ಹಿಂದಕ್ಕೆ ತೆಗೆದುಕೊಂಡೆವು.

ಸಂಜೆ ನನ್ನ ಮನೆಗೇ ಬಂದಳು. ನಾಳೆ ಹೊರಡುವಾಗ ಡಬ್ಬಿ ಎತ್ತಿಕೊಳ್ಳುತ್ತಾಳೋ ಬಿಟ್ಟುಹೋಗುತ್ತಾಳೋ ಅಂತ ಕಾಯುತ್ತಿದ್ದೇನೆ. ಮುಂದಿನ ಶನಿವಾರ ಜುಲೈ, ಬರುವುದು ಅವಳಿಷ್ಟ.

ಭಾನುವಾರ, ಜೂನ್ 30. ಸಂಜೆ

ಡಬ್ಬಿ ಎತ್ತಿಕೊಳ್ಳಲಿಲ್ಲ. ರಾಕೆಟ್ಟನ್ನು ಅಡುಗೆಮನೆಯ ಮೇಜಿನ ಮೇಲೆ ಇಟ್ಟಳು. ಕಿತ್ತ ರೆಕ್ಕೆ ಪಕ್ಕದಲ್ಲಿ.

"ಮುಟ್ಬೇಡ," ಅಂದಳು. ಬಾಗಿಲಲ್ಲಿ ನಿಂತು ಮತ್ತೊಮ್ಮೆ ತಿರುಗಿ ಹೇಳಿದಳು. "ನಾನು ಬರೋ ತನಕ ಮುಟ್ಬೇಡ."

ಯಾವಾಗ ಬರುತ್ತಾಳೆ ಅಂತ ಹೇಳಲಿಲ್ಲ.

ಬುಧವಾರ, ಜುಲೈ 3

ಮುಟ್ಟಿಲ್ಲ.

ಶುಕ್ರವಾರ, ಜುಲೈ 5

ಅವಳಮ್ಮನಿಗೆ ಫೋನ್ ಮಾಡಿದೆ. ಶನಿವಾರದ್ದು ಅವಳ ತೀರ್ಮಾನ ಏನು ಅಂತ.

"ನನಗೆ ಹೇಳಿಲ್ಲ. ನಾನೂ ಕೇಳಿಲ್ಲ. ನೀನೂ ಕೇಳ್ಬೇಡ," ಅಂದಳು. ಆಮೇಲೆ, "ಇದೊಂದು ಸಲ ಕೈ ಸುಮ್ನೆ ಇಟ್ಕೋ."

ಸಿಟ್ಟು ನೆತ್ತಿಗೇರಿತು. ಹೇಳುವವರೇ ಎಲ್ಲ. ರೆಕ್ಕೆ ಅಲ್ಲೇ ಬಿದ್ದಿದೆ. ತಿಂಡಿ ತಟ್ಟೆ ಇಡಲು ಜಾಗ ಇಲ್ಲ, ನಿಂತೇ ತಿನ್ನುತ್ತಿದ್ದೇನೆ. ಬಟ್ಟೆಯಲ್ಲಿ ಮೇಜು ಒರೆಸುವಾಗಲೂ ಸುತ್ತಲಷ್ಟೇ ಒರೆಸುತ್ತೇನೆ. ಅಂಟು ಹಾಕಿ ಒತ್ತಿದರೆ ಒಂದು ನಿಮಿಷದ ಕೆಲಸ. ವಾಲಿಸಿಯೇ ಅಂಟಿಸಬಹುದು, ಅವಳು ಮಾಡಿದಷ್ಟೇ ವಾಲಿಸಿ. ಯಾರಿಗೂ ಗೊತ್ತಾಗುವುದಿಲ್ಲ.

ಅವಳಿಗೆ ಗೊತ್ತಾಗುತ್ತದೆ.

ಶನಿವಾರ, ಜುಲೈ 6

ಯಾವಾಗಲೂ ಬರುವ ಹೊತ್ತು ಮೀರಿತು. ಅಂಗಡಿ ತೆರೆದಿಲ್ಲ. ಬೆಕ್ಕಿನ ಚಿತ್ರ ಗೋಡೆಯಿಂದ ಇಳಿಸಿ, ಚೌಕಟ್ಟು ಬಿಚ್ಚಿಟ್ಟಿದ್ದೇನೆ. ಬಾಲ ಈಗ ಎಲ್ಲಿಂದ ತರುವುದು, ಗೊತ್ತಿಲ್ಲ. ಹಿಂದೆ ದೊಡ್ಡ ಹಾಳೆ ಇಟ್ಟು ಅಗಲ ಮಾಡಿಕೊಡಬಹುದು, ಬರೆಯುವುದಾದರೆ ಅವಳೇ ಬರೆಯಬೇಕು. ಬಂದರೆ ಕೇಳಬೇಕು.

ಅಂಟಿನ ಮುಚ್ಚಳ ತೆಗೆದೆ. ಹಾಕಿದೆ. ಮತ್ತೆ ತೆಗೆದೆ. ಕೈ ಕಡಿಯುತ್ತಿದೆ, ಅದಕ್ಕೇ ಪೆನ್ನು ಹಿಡಿದು ಕೂತದ್ದು. ಊಟದ ಹೊತ್ತೂ ಆಯಿತು. ಇನ್ನು ಬರುವುದಿಲ್ಲ ಅಂತ ಕಾಣುತ್ತದೆ. ಬರದಿದ್ದರೂ ಸರಿ, ಈ ರೆಕ್ಕೆ ಹೀಗೇ ಇರಲಿ, ನಾನಂತೂ...

ಬಂದಳು. ಚಪ್ಪಲಿ ಕೂಡ ಬಿಡದೆ ನೇರ ಮೇಜಿನ ಹತ್ತಿರ ಹೋಗಿ ರೆಕ್ಕೆ ಎತ್ತಿ ಅದರ ಬುಡ ಮುಟ್ಟಿ ನೋಡುತ್ತಿದ್ದಾಳೆ, ಅಂಟು ಹಸಿ ಇದೆಯಾ ಅಂತ. ಇಲ್ಲ.