ಬೂದುಗುಂಬಳ ಹಿಡಿದ ಕೈ

ದುಂಡಸಿ, ಶಿಗ್ಗಾಂವಿ ತಾಲೂಕು
ಮಂಗಳವಾರ, ಅಕ್ಟೋಬರ್ ೨೮

ಪ್ರೀತಿಯ ಮಗ ಲೋಹಿತ,

ನಿನ್ನ ಅವ್ವ ಮಾಡುವ ಆಶೀರ್ವಾದ. ಆರೋಗ್ಯವಾಗಿದ್ದೀಯಾ? ಆ ಅರುಣಾಚಲದ ಗುಡ್ಡದಲ್ಲಿ ಈಗಾಗಲೇ ಹಲ್ಲು ಕಟಕಟ ಅನ್ನುವ ಚಳಿ ಬಿದ್ದಿರಬೇಕು. ಜೆಸಿಬಿಯ ಸೀಟಿನ ಮೇಲೆ ದಿನವಿಡೀ ಕುಳಿತು ನಿನ್ನ ಸೊಂಟ ಹಿಡಿದುಕೊಂಡಿದೆ ಎಂದು ಜಯಶ್ರೀ ಹೇಳಿದಳು. ಹೆಂಡತಿಗೆ ಹೇಳಿದ್ದನ್ನು ಹೆತ್ತವಳಿಗೂ ಹೇಳಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು? ಕೊಬ್ಬರಿ ಎಣ್ಣೆಗೆ ಕರ್ಪೂರ ಹಾಕಿ ಬಿಸಿ ಮಾಡಿ ತಿಕ್ಕಿಕೋ. ಗುರೆಳ್ಳ ಚಟ್ನಿ ಮುಗಿದಿದ್ದರೆ ತಿಳಿಸು, ಕುಟ್ಟಿ ಕಳಿಸುತ್ತೇನೆ. ನಾನು ಚೆನ್ನಾಗಿದ್ದೇನೆ. ಮೊಣಕಾಲು ಮಾತ್ರ ಆಗಾಗ ಮುಷ್ಕರ ಹೂಡುತ್ತದೆ. ಮೂವತ್ತೊಂದು ವರ್ಷ ಅಂಗನವಾಡಿಯ ನೆಲದ ಮೇಲೆ ಮಕ್ಕಳ ಜೊತೆ ಕುಳಿತು ಎದ್ದ ಕಾಲು, ಇಷ್ಟಾದರೂ ನಡೆಸುತ್ತಿದೆಯಲ್ಲ. ನಿನ್ನ ಕ್ಯಾಂಪಿಗೆ ಫೋನು ಹತ್ತುವುದಿಲ್ಲ. ಹತ್ತಿದರೂ ಮಗಳ ಸುದ್ದಿ ತೆಗೆದ ಕೂಡಲೇ "ಸಿಗ್ನಲ್ ಹೋಗಾಕತ್ತೈತಿ ಅವ್ವಾ" ಎಂದು ಇಟ್ಟುಬಿಡುತ್ತೀ. ಕಾಗದವನ್ನು ಹಾಗೆ ಅರ್ಧಕ್ಕೆ ಇಡಲು ಬರುವುದಿಲ್ಲ. ಪೂರ್ತಿ ಓದು.

ಸುದ್ದಿ ಇದು. ಹದಿನೇಳು ವರ್ಷದೊಳಗಿನ ಭಾರತದ ಹುಡುಗಿಯರ ಫುಟ್‌ಬಾಲ್ ತಂಡ ಏಷ್ಯಾದ ಪಂದ್ಯಾವಳಿಗೆ ಅರ್ಹತೆ ಪಡೆದಿದೆ. ಕೊನೆಯ ಪಂದ್ಯದಲ್ಲಿ ಗೋಲ್ ಕಾಯ್ದವಳು ನಿನ್ನ ಮಗಳು ಸಮತಾ. ಈ ಎರಡು ಸಾಲನ್ನು ಬರೆದ ಮೇಲೆ ನಾನೇ ನಾಲ್ಕು ಸಲ ಓದಿದೆ. ನೀನೂ ಓದು.

ಶನಿವಾರ ಮಧ್ಯಾಹ್ನ ಪಂದ್ಯವಿತ್ತು. ಹೈಸ್ಕೂಲಿನಲ್ಲಿ ಆಟ ಕಲಿಸುವ ವಸೀಮ ಸರ್ ಬಂದು, ಪಕ್ಕದ ಮನೆ ಗಿರಿಯಪ್ಪನ ದೊಡ್ಡ ಟಿವಿಗೆ ತಮ್ಮ ಫೋನಿನಿಂದ ಅದೇನೋ ಜೋಡಿಸಿ, ಆ ಫೋನನ್ನು ನಮ್ಮಲ್ಲೇ ಬಿಟ್ಟು ಸವಣೂರಿಗೆ ಹೋದರು. ಅಲ್ಲಿರುವ ಅವರ ತಾಯಿಗೂ ಸಮತಾಳ ಆಟ ನೋಡುವ ಆಸೆಯಂತೆ. ಗಿರಿಯಪ್ಪನ ಪಡಸಾಲೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಎದುರಾಳಿ ದೇಶದ ಹೆಸರಿಗೆ ನನ್ನ ನಾಲಿಗೆ ಹೊರಳುವುದಿಲ್ಲ, ಆದರೆ ಆ ಹುಡುಗಿಯರು ಒಬ್ಬೊಬ್ಬರೂ ನಿನಗಿಂತ ಎತ್ತರ. ಮೊದಲು ನಮ್ಮವರು ಒಂದು ಗೋಲು ಹೊಡೆದರು. ಆಮೇಲೆ ನಮ್ಮ ಸಮತಾ ಜಾರಿದಳು, ಚೆಂಡು ಒಳಗೆ ಹೋಯಿತು. ಪಡಸಾಲೆಯಲ್ಲಿ ಎಲ್ಲರೂ ನನ್ನ ಮುಖ ನೋಡಿದರು, ನಾನೇ ಬಿಟ್ಟೆನೋ ಎಂಬಂತೆ. ಜಯಶ್ರೀ ಎದ್ದು ಒಳಗೆ ಹೋಗಿ ಬಾಗಿಲ ಸಂದಿಯಿಂದ ನೋಡತೊಡಗಿದಳು.

ಕೊನೆಯ ನಿಮಿಷ ಕೇಳು. ಅವರಿಗೆ ಮೂಲೆಯಿಂದ ಒದೆಯುವ ಅವಕಾಶ ಸಿಕ್ಕಿತು. ಚೆಂಡು ಎತ್ತರಕ್ಕೆ ಹಾರಿ ಗೋಲಿನ ಮುಂದೆ ಬಂತು. ಅಂಥ ಹೊತ್ತಿನಲ್ಲಿ ಮುಷ್ಟಿಯಿಂದ ಗುದ್ದಿ ಹೊರಗೆ ಹಾಕು ಎಂದು ತಂಡದ ತರಬೇತಿ ಶಿಬಿರದಲ್ಲಿ ಎಷ್ಟೋ ಸಲ ಹೇಳಿದ್ದರಂತೆ. ಈಕೆ ಗುದ್ದಲಿಲ್ಲ. ನಾಲ್ಕು ಜನ ಎತ್ತರದ ಹುಡುಗಿಯರ ನಡುವೆ ಎಗರಿ, ಎರಡೂ ಕೈ ಚಾಚಿ, ಚೆಂಡನ್ನು ಎದೆಗೆ ಎಳೆದುಕೊಂಡು, ಅದರ ಜೊತೆಗೇ ಹಿಂದೆ ಸರಿದು ಮೊಣಕಾಲೂರಿದಳು. ಲೋಹಿತ, ನಾನು ಆ ಹಿಡಿತವನ್ನು ಎಲ್ಲಿ ನೋಡಿದ್ದೆ ಎಂದು ನಿನಗೆ ಹೇಳಬೇಕೇ? ನಮ್ಮ ಹೊಲದ ಬೂದುಗುಂಬಳವನ್ನು ನೀನು ಕೆಳಗಿನಿಂದ ಒಗೆಯುತ್ತಿದ್ದೆ, ಹತ್ತು ವರ್ಷದ ಪೋರಿ ಲಾರಿಯ ಮೇಲೆ ನಿಂತು ಹಿಡಿಯುತ್ತಿದ್ದಳು. ಮೊದಲ ದಿನ ಕಾಯಿ ಒಡೆದು ಅತ್ತಾಗ ನೀನೇ ಹೇಳಿದ್ದು: "ಕಾಯಿಗೆ ಕೈ ಅಡ್ಡ ಹಿಡಿಬ್ಯಾಡ ಸಮತಾ, ತೆಕ್ಕಿಗೆ ತಗೋ." ಫ್ರಾಕಿನ ತುಂಬ ಕಾಯಿಯ ಬೂದಿ ಮೆತ್ತಿಕೊಂಡು ಬರುತ್ತಿದ್ದಳು. ವಸೀಮ ಸರ್ ಆಕೆಯನ್ನು ಮೊದಲು ನೋಡಿದ್ದೂ ಅಲ್ಲೇ, ಲಾರಿಯ ಮೇಲೆ. ಶಿಬಿರದವರು ಕಲಿಸಿದ್ದು ಬಹಳವಿರಬಹುದು, ಆದರೆ ಶನಿವಾರ ಚೆಂಡು ಹಿಡಿದದ್ದು ನೀನು ಕಲಿಸಿದ ಕೈ. ನನಗೆ ಹೆಮ್ಮೆಯಿಂದ ಕಣ್ಣು ತುಂಬಿತು. ಅದನ್ನು ಮುಚ್ಚಿಡುವುದೇಕೆ?

ಆದರೆ ಮುಂದಿನ ಹತ್ತು ನಿಮಿಷ ನಾವು ಮಾಡಿದ ಹುಚ್ಚಾಟ ಕೇಳಿದರೆ ನೀನು ನಗುತ್ತೀ. ಸೀಟಿ ಊದಿದರು, ಒಂದಕ್ಕೆ ಒಂದು. ಗಿರಿಯಪ್ಪ ತರುಣನಾಗಿದ್ದಾಗ ಕಬಡ್ಡಿಯಲ್ಲಿ ಹೆಸರು ಮಾಡಿದವನು, ಆಟದ ವಿಷಯದಲ್ಲಿ ಅವನ ಮಾತೇ ಓಣಿಗೆ ಕೊನೆಯ ತೀರ್ಪು. "ಟೈ ಆತು, ಮುಗೀತು. ಹೋಗ್ಲಿ ಬಿಡ ಮಂಜವ್ವ, ಮುಂದಿನ ವರ್ಷ ಗೆಲ್ತಾಳ" ಎಂದವನೇ, ದೀಪಾವಳಿಯಲ್ಲಿ ಉಳಿಸಿ ಇಟ್ಟಿದ್ದ ಪಟಾಕಿಯ ಸರವನ್ನು ತಿರುಗಿ ಅಟ್ಟಕ್ಕೆ ಏರಿಸಿದ. ಟಿವಿಯಲ್ಲಿ ನಮ್ಮ ಹುಡುಗಿಯರು ಒಬ್ಬರನ್ನೊಬ್ಬರು ತಬ್ಬಿಕೊಂಡು ಅಳುತ್ತಿದ್ದರು. ಸೋತ ದುಃಖ ಎಂದು ತಿಳಿದು ಜಯಶ್ರೀಯೂ ಅತ್ತಳು, ಆಕೆಯನ್ನು ನೋಡಿ ಅರ್ಧ ಓಣಿ ಅತ್ತಿತು. ಟಿವಿಯಲ್ಲಿ ಆಟದ ವಿವರ ಹೇಳುತ್ತಿದ್ದವನ ಇಂಗ್ಲಿಷು ನಮಗೆ ಯಾರಿಗೂ ತಿಳಿಯದು. ಆಗ ವಸೀಮ ಸರ್ ತಮ್ಮ ತಾಯಿಯ ಫೋನಿನಿಂದ ನನಗೆ ಮಾಡಿದರು. "ಅಕ್ಕೋರ, ಪಟಾಕಿ ಸಪ್ಪಳ ಯಾಕ ಕೇಳವಲ್ದು? ಡ್ರಾ ಆದ್ರ ಸಾಕಿತ್ತರಿ. ಗುಂಪಿನ್ಯಾಗ ನಾವ ಮುಂದ ಅದೀವಿ. ಹೋದ್ವಿ, ಏಷ್ಯಾಕ್ಕ ಹೋದ್ವಿ." ಗಿರಿಯಪ್ಪ ಅಟ್ಟ ಹತ್ತಿದ ವೇಗವನ್ನು ಅವನ ಕಬಡ್ಡಿಯ ಕಾಲದಲ್ಲೂ ನಾನು ಕಂಡಿರಲಿಲ್ಲ. ಚಿಕ್ಕೇರೂರಿನಿಂದ ಜಯಶ್ರೀಯ ಅಣ್ಣ ಫೋನು ಮಾಡಿದರೆ ಪಟಾಕಿಯ ಸದ್ದಿನಲ್ಲಿ ಒಂದಕ್ಷರವೂ ಕೇಳಲಿಲ್ಲ. ಓಣಿಗೆಲ್ಲ ಸಕ್ಕರೆ ಹಂಚಿದರು, ಹುರುಪಿನಲ್ಲಿ ನಾನೂ ಬಾಯಿಗೆ ಹಾಕಿಕೊಂಡೆ. ಡಾಕ್ಟರಿಗೆ ಹೇಳಬೇಡ.

ಭಾನುವಾರ ಅರ್ಧ ಗಂಟೆ ಹುಡುಗಿಯರ ಕೈಗೆ ಫೋನು ಕೊಡುತ್ತಾರೆ. ಸಮತಾ ಮಾಡಿದಳು. ನಾನು ಅಭಿನಂದನೆ ಹೇಳಲು ಬಾಯಿ ತೆರೆಯುವ ಮೊದಲೇ ಆಕೆ ಕೇಳಿದ್ದು, "ಅಜ್ಜಿ, ಅಪ್ಪ ನೋಡಿದ್ನೇನು?" ನಿಮ್ಮ ಗುಡ್ಡದಲ್ಲಿ ಸಿಗ್ನಲ್ ಇಲ್ಲ ಎಂದೆ. "ಹೂಂ" ಎಂದಳು. ಆಮೇಲೆ, "ಈ ವರ್ಷ ಕಾಯಿ ಯಾರು ಹಿಡಿದ್ರು?" ಎಂದು ಕೇಳಿದಳು. ಆಳು ಹಚ್ಚಿದೆವು ಎಂದೆ.

ನಿನ್ನ ಸಿಟ್ಟು ನನಗೆ ಗೊತ್ತಿಲ್ಲದ್ದೇನಲ್ಲ. ಹೋದ ವರ್ಷ ಆಯುಧಪೂಜೆಗೆ ಕಾಯಿ ಹೇರುವ ದಿನವೇ ಹಾವೇರಿಯಲ್ಲಿ ರಾಜ್ಯ ತಂಡದ ಆಯ್ಕೆಯಿತ್ತು. ಲಾರಿ ಹೊಲದಲ್ಲಿ ಬಂದು ನಿಂತಾಗ ಮಗಳು ಕಾಣಲಿಲ್ಲ. ಜಯಶ್ರೀ ಲಾರಿಯ ಮೇಲೆ ನಿಂತಳು, ಆಕೆಯ ಕೈಯಲ್ಲಿ ಆಗುವ ಕೆಲಸ ಅದಲ್ಲ, ಕಾಯಿ ಒಡೆದವು. ಲಾರಿಯವನು ಅರ್ಧವೇ ಹೇರಿಕೊಂಡು ಬೆಂಗಳೂರಿಗೆ ಹೋದ, ಹಬ್ಬ ಮುಗಿದ ಮೇಲೆ ಉಳಿದದ್ದನ್ನು ಯಾರೂ ಕೇಳಲಿಲ್ಲ. ಸಂಜೆ ಆಕೆ ಬಂದಾಗ ನೀನು ಅಂದ ಮಾತು ಈ ಗೋಡೆಗಳೂ ಮರೆತಿಲ್ಲ. "ಹೇಳದ ಕೇಳದ ಹೋದಾಕಿ ನನ್ನ ಕೂಡ ಮಾತಾಡಬ್ಯಾಡ." ಆಕೆ ತಲೆ ಬಗ್ಗಿಸಿ, "ನಾನಽ ಹೋಗಿದ್ದೆ ಅಪ್ಪಾ, ತಪ್ಪಾತು" ಎಂದಳು. ದೀಪಾವಳಿ ಮುಗಿಸಿ ನೀನು ಗುಡ್ಡಕ್ಕೆ ಹೋದೆ. ಬೇಸಿಗೆಯಲ್ಲಿ ಎಂಟು ದಿನ ಬಂದಾಗಲೂ ಮಗಳು ಎಲ್ಲಿದ್ದಾಳೆ ಎಂದು ಕೇಳಲಿಲ್ಲ. ಒಂದು ವರ್ಷವಾಯಿತು, ಲೋಹಿತ. ಹೇರದೆ ಉಳಿದ ಕಾಯಿಯನ್ನೂ ನೀನು ಇಷ್ಟು ದಿನ ನೆನೆಸಿಕೊಂಡಿಲ್ಲ.

ಹೊತ್ತಾಯಿತು, ಅಂಚೆಯ ಚೀಲ ಕಟ್ಟುವುದರೊಳಗೆ ಇದನ್ನು ಮುಟ್ಟಿಸಬೇಕು. ಜಯಶ್ರೀ ಕೇಳಿದಳೆಂದು ತಿಳಿ. ಗಿರಿಯಪ್ಪನೂ ನೆನಪು ಹೇಳು ಎಂದಿದ್ದಾನೆ. ಚಳಿಗೆ ಕಿವಿ ಮುಚ್ಚಿಕೋ. ನೂರು ವರ್ಷ ಸುಖವಾಗಿ ಬಾಳು. ಜೈಭೀಮ್.

ನಿನ್ನ ಅವ್ವ,
ಮಂಜವ್ವ

ತಾ.ಕ.: ಲಕೋಟೆಗೆ ಅಂಟು ಹಚ್ಚಿದ್ದೆ, ಬಿಚ್ಚಿ ಬರೆಯುತ್ತಿದ್ದೇನೆ. ಆ ದಿನ ಸಮತಾ ತಾನಾಗಿ ಹೋಗಲಿಲ್ಲ. "ಬ್ಯಾಡಜ್ಜಿ, ಲಾರಿ ಬರತೈತಿ, ಅಪ್ಪ ಒಗದ್ರ ಯಾರು ಹಿಡಿಯೋರು?" ಎಂದು ಹಟ ಹಿಡಿದಿದ್ದಳು. "ನಿಮ್ಮಪ್ಪಗ ನಾ ಹೇಳ್ತೇನಿ, ನೀ ಹೋಗು" ಎಂದು ಬುತ್ತಿ ಕಟ್ಟಿಕೊಟ್ಟು ಮುಂಜಾನೆಯ ಶಿಗ್ಗಾಂವಿ ಬಸ್ಸಿಗೆ ಹತ್ತಿಸಿದವಳು ನಾನು. ಹೊಲದಲ್ಲಿ ನಿನ್ನ ಸಿಟ್ಟಿನ ಮುಖ ನೋಡಿ, ನನಗೇನೂ ಗೊತ್ತಿಲ್ಲ ಎಂದುಬಿಟ್ಟೆ. ಸಂಜೆ ಆಕೆ ನನ್ನ ಕಡೆ ಒಮ್ಮೆ ನೋಡಿ, ತಪ್ಪನ್ನು ತನ್ನ ಮೇಲೆ ಹಾಕಿಕೊಂಡಳು. ನಿನಗೂ ನನಗೂ ಜಗಳವಾಗಬಾರದು ಎಂದು ಈವರೆಗೂ ಬಾಯಿ ಬಿಟ್ಟಿಲ್ಲ. ನವೆಂಬರ್ ೨೩, ಭಾನುವಾರ ಶಿಬಿರದಿಂದ ಹುಬ್ಬಳ್ಳಿ ಸ್ಟೇಷನ್ನಿಗೆ ಬರುತ್ತಾಳೆ. ರಜೆ ಸಿಕ್ಕರೆ ನೀನೇ ಹೋಗಿ ಕರೆದುಕೊಂಡು ಬಾ. ಸಿಗದಿದ್ದರೆ ಜೀಪು ಹತ್ತಿ ಸಿಗ್ನಲ್ ಇರುವ ಕಡೆ ಇಳಿದು ಫೋನು ಮಾಡು. ಒಂದು ವರ್ಷ ಮಾತು ಬಿಡಬೇಕಾಗಿದ್ದರೆ ನನ್ನ ಜೊತೆ ಬಿಡು.